ಉಳಿದ ನಲವತ್ತೆಂಟು

ಕಕ್ಕಸಿನ ಚಿಲಕ ಬಿದ್ದ ಸದ್ದು, ಬೆಳಗಿನಿಂದ ಇದು ಮೂರನೆಯದು, ಅವಳ ಕೈಯಲ್ಲಿ ಹಿಂಡುತ್ತಿದ್ದ ಅಂಗಿ ಅರ್ಧ ತಿರುವಿಗೇ ನಿಂತಿತು, ನೀರು ಮೊಣಕೈಗುಂಟ ಇಳಿದು ಪಾದದ ಮೇಲೆ ತೊಟ್ಟಿಕ್ಕಿತು, ಇನ್ನೂ ಏಳೂವರೆ ಆಗಿಲ್ಲ, ಹೋದ ಮಂಗಳವಾರ ಈ ಹೊತ್ತಿಗೆ ಎರಡೇ ಆಗಿತ್ತು, ಅಂದರೆ ಇವತ್ತು ಇವರ ಹೊಟ್ಟೆ ಭರ್ಜರಿ ಹುರುಪಿನಲ್ಲಿದೆ, ಸದ್ಯ, ಒಳ್ಳೆಯದೇ ಆಯಿತು — ಥೂ, ಇದೆಂಥ ಮಾತು, ಕಟ್ಟಿಕೊಂಡ ಗಂಡನ ಹೊಟ್ಟೆ ಕೆಟ್ಟರೆ ಸದ್ಯ ಎನ್ನುವ ಹೆಂಡತಿ ಲೋಕದಲ್ಲಿ ಇನ್ನೊಬ್ಬಳು ಇರಲಾರಳು, ಆದರೆ ಲೋಕದ ಬೇರೆ ಗಂಡಂದಿರಿಗೆ ಇವತ್ತು ಹನ್ನೊಂದಕ್ಕೆ ಮಿಲಿಟರಿ ಆಸ್ಪತ್ರೆಯಲ್ಲಿ ಮೆಡಿಕಲ್ ಬೋರ್ಡೂ ಇಲ್ಲವಲ್ಲ. ಅಂಗಿಯನ್ನು ಬಕೆಟ್ಟಿನ ಅಂಚಿಗೆ ಎಸೆದು, ಕೈ ಒರೆಸಿಕೊಂಡು, ಕಿಟಕಿಯ ಕಟ್ಟೆಯಿಂದ ನೋಟ್‌ಬುಕ್ ಎತ್ತಿಕೊಂಡಳು, ಪೆನ್ಸಿಲ್ಲಿಗೆ ದಾರ ಕಟ್ಟಿದೆ, ಇಲ್ಲದಿದ್ದರೆ ಗುಬ್ಬಿ ಅದನ್ನು ಶಾಲೆಗೆ ಒಯ್ದು ಎರಡೂ ತುದಿ ಕಡಿದು ತರುತ್ತಾಳೆ, ಮೂರನೆಯ ಗೀಟು ಎಳೆದಳು, ಮುಂದಿನ ರಟ್ಟಿನಿಂದ ಶುರುಮಾಡಿದರೆ ಹೊಟ್ಟೆ, ಪುಸ್ತಕ ಮಗುಚಿ ಹಿಂದಿನ ರಟ್ಟಿನಿಂದ ಶುರುಮಾಡಿದರೆ ಬೆನ್ನು, ಒಂದು ವರ್ಷದ ಗೀಟುಗಳು, ಎಷ್ಟು ಸಲ ಎದ್ದು ಓಡಿದರು, ಎಷ್ಟು ಸಲ ಏಳಲಾಗಲಿಲ್ಲ, ಆ ಕಡೆಯಿಂದ ಹೊಟ್ಟೆ ತುಂಬುತ್ತಾ ಬಂದು ಈ ಕಡೆಯಿಂದ ಬೆನ್ನು ತುಂಬುತ್ತಾ ಬಂದು ಹೋದ ತಿಂಗಳು ಎರಡೂ ನಡುವಿನ ಒಂದೇ ಪುಟದಲ್ಲಿ ಮುಖಾಮುಖಿಯಾಗಿಬಿಟ್ಟವು, ಈಗ ಗೀಟುಗಳಿಗೆ ಅಂಚೇ ಗತಿ, ಎಂಟಾಣೆಯ ಬುದ್ಧಿಯಿಲ್ಲದ ನೋಟ್‌ಬುಕ್ಕಿಗೆ ಅರ್ಥವಾದದ್ದು ಮೂರು ಜನ ಡಾಕ್ಟರ ಬೋರ್ಡಿಗೆ ಅರ್ಥವಾಗುವುದಿಲ್ಲ.

ಬಾಗಿಲು ತೆರೆಯಿತು, ಬಂದರು, ಒಂದು ಕೈ ಮುಂದೆ ಹೊಟ್ಟೆಯ ಮೇಲೆ, ಒಂದು ಕೈ ಹಿಂದೆ ಸೊಂಟದ ಮೇಲೆ, ಎರಡು ಹಿಡಿಯ ಕೊಪ್ಪರಿಗೆಯೊಂದು ತನ್ನನ್ನು ತಾನೇ ಎತ್ತಿಕೊಂಡು ನಡೆದು ಬರುತ್ತಿರುವ ಹಾಗೆ, ಅವಳನ್ನು ಕಂಡದ್ದೇ ತಡ ಎರಡೂ ಕೈ ಇಳಿದು ತೊಡೆಗೆ ಅಂಟಿಕೊಂಡವು, ಹೇಗಿದೆ ಅಂತ ಅವಳು ಕೇಳಲಿಲ್ಲ, ಕೇಳಿದರೆ ಚೆನ್ನಾಗಿದೆ, ಇಪ್ಪತ್ತೆರಡು ವರ್ಷ ಸೈನ್ಯದ ಅಡುಗೆಮನೆಯಲ್ಲಿ ಇವರಿಗೆ ಕಲಿಸಿದ ಒಂದೇ ಉತ್ತರ ಅದು, ಅನ್ನ ಹೇಗಿದೆ ಚೆನ್ನಾಗಿದೆ ಸಾರ್, ಕಟ್ಟಿಗೆ ಹೇಗಿದೆ ಚೆನ್ನಾಗಿದೆ ಸಾರ್, ಲಾರಿ ಮಗುಚಿ ಇನ್ನೂರು ಜನರ ಸಾರಿನ ಕೊಪ್ಪರಿಗೆ ಬೆನ್ನ ಮೇಲೆ ಬಿದ್ದಿದ್ದಾಗಲೂ ಅದರಡಿಯಿಂದಲೇ ಅದೇ ಉತ್ತರ ಬಂತಂತೆ, ಸಾರು ಮಾತ್ರ ಚೆಲ್ಲೋಯ್ತು ಸಾರ್ ಅಂತ ಕ್ಷಮೆ ಬೇರೆ ಕೇಳಿದರಂತೆ. ಇವರೀಗ ಅಲಮಾರಿನ ಮುಂದೆ ನಿಂತಿದ್ದಾರೆ, ಮೇಲಿನ ಖಾನೆ ತೆರೆದರು, ಮುಚ್ಚಿದರು, ಕೆಳಗಿನದು ತೆರೆಯಲು ಬಗ್ಗಬೇಕು, ಬಗ್ಗದೆ ಕಾಲಿನ ಹೆಬ್ಬೆರಳಿನಿಂದ ತೆರೆದರು, ಏನ್ರೀ ಹುಡುಕ್ತಿದೀರಿ, ಏನಿಲ್ಲ ಕಣೇ, ಕತ್ತರಿ, ಕತ್ತರಿಯೇ, ತಗೊಳ್ಳಿ ಅಂತ ಮೊಳೆಯಿಂದ ತೆಗೆದು ಕೊಟ್ಟಳು, ಇವರು ಕತ್ತರಿಯನ್ನು ನೋಡಿದರು, ಕತ್ತರಿ ಇವರನ್ನು ನೋಡಿತು, ಕೇಳಿದ ಮೇಲೆ ಏನಾದರೂ ಕತ್ತರಿಸಲೇಬೇಕು, ಕನ್ನಡಿಯ ಮುಂದೆ ಹೋಗಿ ನಿನ್ನೆಯಷ್ಟೇ ಕತ್ತರಿಸಿದ ಮೀಸೆಯನ್ನು ಇನ್ನೊಮ್ಮೆ ಕತ್ತರಿಸಿದರು, ಎಡಕ್ಕೆ ಹೆಚ್ಚಾಯಿತು, ಬಲಕ್ಕೆ ಸರಿಮಾಡಿದರು, ಹೀಗೇ ಇನ್ನೆರಡು ಖಾನೆ ಹುಡುಕಿದರೆ ಬೋರ್ಡಿನ ಹೊತ್ತಿಗೆ ಮೀಸೆಯೇ ಉಳಿಯುವುದಿಲ್ಲ, ಪಾಪ, ಹುಡುಕುತ್ತಿರುವುದು ಕತ್ತರಿಯನ್ನಲ್ಲ ಅಂತ ಅವಳಿಗೆ ಗೊತ್ತು, ನೋವಿನ ಮಾತ್ರೆ, ನೋವಿನ ಮಾತ್ರೆ ಬೇಳೆ ಡಬ್ಬದ ತಳದಲ್ಲಿದೆ, ಅಲ್ಲಿಟ್ಟವಳು ಅವಳೇ.

ನಿನ್ನೆ ಸಂಜೆ ಬೇಳೆಯೊಳಗೆ ಮೊಣಕೈವರೆಗೂ ಕೈ ತೂರಿಸಿ ಮಾತ್ರೆ ಸ್ಟ್ರಿಪ್ಪನ್ನು ತಳಕ್ಕೆ ಒತ್ತುತ್ತಿದ್ದಾಗ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು, ಒಂಬತ್ತು ವರ್ಷದ ಮಗಳು, ಕೈಯಲ್ಲಿ ನೀರಿನ ಲೋಟ, ಕಣ್ಣು ಲೋಟದಷ್ಟೇ ಅಗಲ, ಕಂಡಳೋ ಇಲ್ಲವೋ, ಬೆಳಗಿನಿಂದ ಬಾಲದ ಹಾಗೆ ಹಿಂದೆ ಹಿಂದೆ ಸುತ್ತುತ್ತಿದ್ದಾಳೆ, ಅಮ್ಮಾ, ಏನೇ, ಏನಿಲ್ಲ, ಬಾಯಿ ತೆರೆಯುವುದು, ಮುಚ್ಚುವುದು, ಈಗಲೂ ಒಂದು ಜಡೆ ಹೆಣೆಸಿಕೊಂಡು ಇನ್ನೊಂದರ ಕೂದಲು ಹೆಗಲ ಮೇಲೆ ಹರಡಿಕೊಂಡು ನಿಂತು, ಅಮ್ಮಾ, ಒಂದು ಮಾತು ಕೇಳ್ಲಾ, ಆಮೇಲೆ ಕೇಳು ಗುಬ್ಬಿ, ರಿಬ್ಬನ್ ಎಲ್ಲಿ, ಬೂಟಿಗೆ ಪಾಲಿಶ್ ಆಯ್ತಾ, ಹಾಲು ಕುಡಿದ್ಯಾ — ಪ್ರಶ್ನೆ ತಡೆಯುವುದಕ್ಕೆ ಪ್ರಶ್ನೆಗಿಂತ ಒಳ್ಳೆಯ ಬೇಲಿ ಇನ್ನೊಂದಿಲ್ಲ, ಆದರೆ ಮಗು ಅಪ್ಪನ ಮುಂದೆ ಬಾಯಿಬಿಟ್ಟರೆ, ಅಮ್ಮಾ ಅಪ್ಪನ ಮಾತ್ರೆ ಬೇಳೇಲಿ ಯಾಕೆ ಬಚ್ಚಿಟ್ಟೆ ಅಂದರೆ, ಏನು ಹೇಳುವುದು, ನಿಮ್ಮಪ್ಪನಿಗೆ ಇವತ್ತೊಂದು ದಿನ ನೋಯಲಿ ಅಂತ ಮರೀ, ನೋಯಬೇಕಾದ ಜಾಗದಲ್ಲಿ ನೋಯಬೇಕಾದವರ ಮುಂದೆ ನೋಯಲಿ ಅಂತ. ಹೇಳಿಕೊಳ್ಳುವ ಮಾತೇ ಇದು, ಜ್ವರ ಬಂದರೆ ಮೂರು ರಾತ್ರಿ ಪಕ್ಕದಲ್ಲಿ ಕೂರುವವಳು ತಾನು, ಇವರಿಗೆ ಗಂಜಿ ಆರಿಸಿ ಆರಿಸಿ ಕೊಡುವವಳು, ಇನ್ನೂರು ಜನರಿಗೆ ಖಾರ ಹದಮಾಡಿದ ಮನುಷ್ಯ ಈಗ ಉಪ್ಪು ತಟಗು ಹೆಚ್ಚಾದರೆ ಮಡಚಿಕೊಂಡು ಬೀಳುತ್ತಾರೆ ಅಂತ ಉಪ್ಪನ್ನು ಎಣಿಸಿ ಹಾಕುವವಳು, ಅಂಥವಳು ಮಾತ್ರೆ ಬಚ್ಚಿಟ್ಟಿದ್ದಾಳೆ, ಅಡುಗೆ ಕಟ್ಟೆ ಒರೆಸುತ್ತ ಒರೆಸುತ್ತ ಬೇಳೆ ಡಬ್ಬದ ಸುತ್ತ ಮಾತ್ರ ಮೂರು ಸಲ ಒರೆಸಿದಳು, ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಆದರೆ ಹೋದ ವರ್ಷ ಏನಾಯಿತು, ಹೋದ ವರ್ಷ ಇವರು ಮಾಡಿದ್ದು ನೆನೆಸಿಕೊಂಡರೆ ಇವತ್ತಿಗೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ, ಬೋರ್ಡಿನ ಮುಂದೆ ನೆಟ್ಟಗೆ ನಿಲ್ಲೋಕಾಗದೆ ಇದ್ರೆ ಮರ್ಯಾದೆ ಏನು ಕಣೇ ಅಂತ ಆ ದಿನ ಬೆಳಿಗ್ಗೆ ಒಂದರ ಬದಲು ಎರಡು ಮಾತ್ರೆ ನುಂಗಿದರು, ಗಡ್ಡ ಹೆರೆದರು, ಬೂಟಿಗೆ ಕನ್ನಡಿ ಹೊಳಪು ಬರಿಸಿದರು, ಕಾಲ್ಬೆರಳು ಮುಟ್ಟಿ ಅಂತ ಡಾಕ್ಟರು ಹೇಳಿದರೆ ಅಂಗೈಯನ್ನೇ ನೆಲಕ್ಕೆ ಒತ್ತಿ ತೋರಿಸಿದರು, ಸಾಕು ಸಾಕು ಅಂದರೂ ಇನ್ನೊಂದು ಸಲ ಸಾರ್ ಅಂದರಂತೆ, ಶಾಲೆಯ ಮಕ್ಕಳ ಕವಾಯತಿನ ಹಾಗೆ, ಬೆನ್ನಿಗೆ ಇಪ್ಪತ್ತು ಪರ್ಸೆಂಟ್ ಅಂಗವೈಕಲ್ಯ ಅಂತ ಬರೆದರು, ಆಮೇಲೆ ಆ ಎರಡು ಮಾತ್ರೆ ಹೊಟ್ಟೆಯಲ್ಲಿ ಬೆಂಕಿ ಹಾಕಿತು, ಹೊಟ್ಟೆಯ ಡಾಕ್ಟರು ಹೇಗಿದೆ ಅಂದಾಗ ಚೆನ್ನಾಗಿದೆ ಸಾರ್ ಅಂದು ಹೊರಗೆ ಬಂದವರು ಮನೆ ಸೇರುವುದರೊಳಗೆ ನಾಲ್ಕು ಅಪರಿಚಿತ ಅಂಗಡಿಗಳ ಹಿತ್ತಲು ನೋಡಿದರು, ಹೊಟ್ಟೆಗೆ ಹತ್ತು. ಕಾಗದ ಬಂತು, ಗುಬ್ಬಿ ಜೋರಾಗಿ ಓದಿದಳು, ಅವಳಿಗೆ ಏನು ಸಿಕ್ಕರೂ ಜೋರಾಗಿ ಓದುವ ರೋಗ, ಹೊಟ್ಟೆಯ ಒಳಗೆ ಹುಣ್ಣು, ಹುಳಿತೇಗು, ಓಡಾಟ ಮೂರಿದ್ದರೂ ಮೂರಕ್ಕೂ ಸೇರಿ ಒಂದೇ ಅಂಕಿ, ಯಾವುದು ದೊಡ್ಡದೋ ಅದರದ್ದು, ಒಂದೇ ನೋವನ್ನು ಎರಡು ಅಂಗಕ್ಕೆ ಎಣಿಸುವಂತಿಲ್ಲ, ಇದೊಳ್ಳೆ ಕಥೆ, ಮೂರು ಮಕ್ಕಳ ಮನೆಗೆ ಬಂದು ಉದ್ದದವನು ಯಾರು ಅವನೊಬ್ಬನಿಗೆ ಊಟ ಹಾಕಿ ಅಂದ ಹಾಗೆ, ಉಳಿದಿಬ್ಬರು ಅಣ್ಣ ಉಂಡದ್ದನ್ನು ನೋಡಿ ತೇಗಬೇಕು. ಅದೂ ಹೋಗಲಿ, ಕೊನೆಯ ಸಾಲು, ಹೊಟ್ಟೆಯ ತೊಂದರೆಗೆ ಆಹಾರವೂ ಕಾರಣವಿರಬಹುದು, ಅಲ್ಲಿ ಇವರಿಗೆ ನೋವಾಯಿತು, ಕೊಪ್ಪರಿಗೆ ಬಿದ್ದಾಗ ಆಗದ ನೋವು, ಆಹಾರವೇ, ಯಾರ ಆಹಾರ, ನನ್ನ ಕೈಯಡುಗೆಯೇ, ನನ್ನ ಕೈಯಲ್ಲಿ ಉಂಡ ಒಬ್ಬನೇ ಒಬ್ಬ ಸಿಪಾಯಿ ಬೆಳಗಾನ ಚೊಂಬು ಹಿಡ್ಕೊಂಡು ಓಡಿದ್ದು ತೋರಿಸಲಿ ನೋಡೋಣ ಅಂತ ಮೂರು ದಿನ ಗೋಡೆಯ ಕಡೆ ತಿರುಗಿ ಮಲಗಿದರು, ಮಾತ್ರೆ ಸುಟ್ಟ ಕರುಳು ಅದು, ಬೆನ್ನಿಗೆ ಅಂತ ನುಂಗಿದ ಮಾತ್ರೆ, ಬೆನ್ನು ಮುರಿದದ್ದು ಕೊಪ್ಪರಿಗೆಯಿಂದ, ಕೊಪ್ಪರಿಗೆ ಸೈನ್ಯದ್ದು, ಒಂದರ ಬಾಲ ಇನ್ನೊಂದರ ಬಾಯಲ್ಲಿದೆ, ಅವಳಿಗೆ ಇಷ್ಟು ಗೊತ್ತಾಗುತ್ತದೆ, ಓದಿದ್ದು ಹತ್ತನೇ ಕ್ಲಾಸು.

ಐವತ್ತು, ಅವಳಿಗೆ ಬೇಕಾದದ್ದು ಐವತ್ತು, ಐವತ್ತು ಬಂದರೆ ಕಾಯಂ ಕಾರ್ಡು, ವರ್ಷ ವರ್ಷ ಬೋರ್ಡಿಲ್ಲ, ಅದಕ್ಕಿಂತ ಹೆಚ್ಚಾಗಿ, ಅದಕ್ಕಿಂತ ನೂರು ಪಾಲು ಹೆಚ್ಚಾಗಿ, ಕಾಯಂ ಕಾರ್ಡಿನವರಿಗೆ ಒಬ್ಬರೇ ಡಾಕ್ಟರಂತೆ, ತಲೆಯಿಂದ ಕಾಲಿನವರೆಗೆ ಒಂದೇ ಮನುಷ್ಯ ಅಂತ ನೋಡುವ ಒಬ್ಬರೇ ಡಾಕ್ಟರು, ಈಗ ಇರುವುದು ಇಬ್ಬರು, ಬೆನ್ನಿನವರು ಮೂರನೇ ಮಹಡಿ, ಈ ಮಾತ್ರೆ ಒಂದು ದಿನಾನೂ ಬಿಡಬಾರದು ಅಂತಾರೆ, ಹೊಟ್ಟೆಯವರು ನೆಲಮಹಡಿ, ಈ ಮಾತ್ರೆ ಇನ್ನು ಮುಟ್ಟಬಾರದು ಅಂತಾರೆ, ನೀವಿಬ್ರೂ ಒಂದ್ಸಲ ಮಾತಾಡ್ಕೊಳ್ಳಿ ಸಾರ್ ಅಂತ ಅವಳು ಕೈಮುಗಿದು ಕೇಳಿದಳು, ಅವರದ್ದು ಬೇರೆ ವಿಭಾಗ ಅಮ್ಮ ಅಂದರು ಇಬ್ಬರೂ, ಇಬ್ಬರು ಮೇಲಧಿಕಾರಿಗಳು ಎರಡು ಆಜ್ಞೆ ಕೊಟ್ಟರೆ ಕೊನೆಯದ್ದನ್ನು ಪಾಲಿಸಬೇಕು ಅನ್ನುವುದು ಸೈನ್ಯದ ರೂಢಿಯಂತೆ, ಇವರು ಯಾವ ಡಾಕ್ಟರನ್ನು ಕೊನೆಗೆ ನೋಡಿ ಬಂದರೋ ಆ ತಿಂಗಳು ಅವರ ಮಾತು, ಒಂದು ತಿಂಗಳು ಹೊಟ್ಟೆ ಸುಟ್ಟುಕೊಂಡು ನೆಟ್ಟಗಿರುತ್ತಾರೆ, ಒಂದು ತಿಂಗಳು ಹೊಟ್ಟೆ ತಣ್ಣಗೆ ಇಟ್ಟುಕೊಂಡು ಮಂಚ ಬಿಟ್ಟು ಏಳುವುದಿಲ್ಲ, ಸಂಸಾರ ಮಾಡುವುದು ಯಾವ ತಿಂಗಳು. ಏನೇ, ನನ್ನ — ಏನ್ರೀ — ಏನಿಲ್ಲ ಬಿಡು, ಮಾತ್ರೆ ಎಲ್ಲಿ ಅಂತ ಇವರು ಕೇಳುವುದಿಲ್ಲ, ಕೇಳಿದರೆ ನೋವಿದೆ ಅಂತ ಒಪ್ಪಿಕೊಂಡ ಹಾಗೆ, ಅವಳು ಹೇಳುವುದಿಲ್ಲ, ಹೇಳಿದರೆ ಬಚ್ಚಿಟ್ಟದ್ದು ಒಪ್ಪಿಕೊಂಡ ಹಾಗೆ, ಹೊರಡುವ ಹೊತ್ತಿಗೆ ಇವರು ಬೂಟಿನ ಲೇಸು ಕಟ್ಟಲು ಕೂತದ್ದು ಕೂತೇ ಇದ್ದರು, ಗುಬ್ಬಿ ಮಂಡಿಯೂರಿ ಕಟ್ಟಿದಳು, ತನ್ನ ಎರಡನೇ ಜಡೆ ಮರೆತೇ ಹೋಗಿತ್ತು, ಮಗಳು ಬಗ್ಗಿದ್ದ ಆ ಗಳಿಗೆಯಲ್ಲಿ ಅಮ್ಮ ಅಡುಗೆಮನೆಗೆ ಓಡಿ ಬೇಳೆಯೊಳಗಿಂದ ಸ್ಟ್ರಿಪ್ಪನ್ನು ಅಗೆದು ಕೈಚೀಲಕ್ಕೆ ಹಾಕಿಕೊಂಡಳು, ಬೋರ್ಡು ಮುಗಿದ ಮರುಗಳಿಗೆ ಕೊಟ್ಟುಬಿಡುತ್ತೇನೆ, ಬಾಗಿಲ ಹೊರಗೇ, ನೀರಿನ ಬಾಟಲಿಯೂ ಇದೆ, ದೇವರೇ, ಮರುಗಳಿಗೆ.

ಬಸ್ಸಿನಲ್ಲಿ ಚಿತ್ರ ಬರೆದ ಸೀಟು ಖಾಲಿಯಿತ್ತು, ಕೋಲು ಹಿಡಿದವರ ಚಿತ್ರ, ಕೂತ್ಕೊಳ್ಳಿ ರೀ, ಅದು ಆಗದೇ ಇರೋರಿಗೆ ಕಣೇ ಅಂದು ಇವರು ಕಂಬಿ ಹಿಡಿದು ನಿಂತರು, ಬೆವರು ಮೀಸೆಯ ಅಳಿದುಳಿದ ಅಂಚಿಗೆ ಬಂದು ಕೂತಿದೆ, ಕಾಲೇಜು ಹುಡುಗನೊಬ್ಬ ಕಿವಿಗೆ ವೈರು ಸಿಕ್ಕಿಸಿಕೊಂಡು ಬಂದು ಆ ಸೀಟಿನಲ್ಲಿ ಕೂತ, ಮುಂದಿನ ನಿಲ್ದಾಣದಲ್ಲಿ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡವರು ಒಬ್ಬರು ಹತ್ತಿದರು, ಒಂದು ಬೆರಳು, ಕಿರುಬೆರಳು, ಇವರು ಹುಡುಗನ ಭುಜ ತಟ್ಟಿದರು, ಏಳಪ್ಪಾ, ಪಾಪ ಪೆಟ್ಟಾಗಿದೆ ಅವರಿಗೆ, ಹುಡುಗ ಎದ್ದ, ಕಿರುಬೆರಳು ಕೂತಿತು, ತುಂಬಾ ಉಪಕಾರ ಅಂದಿತು, ಎಲ್ಲಿಗೆ ಹೊರಟಿದ್ದೀರಿ ಅಂತ ವಿಚಾರಿಸಿತು, ಹೀಗೇ ಆಸ್ಪತ್ರೇಲಿ ಒಬ್ಬರನ್ನ ನೋಡೋಕೆ ಅಂದರು ಇವರು, ಅವಳು ಕಿಟಕಿಯ ಹೊರಗೆ ನೋಡಿದಳು, ನಗು ಬಂತೋ ಅಳು ಬಂತೋ, ಎರಡಕ್ಕೂ ಮೂಗೇ ಒದ್ದೆಯಾಗುವುದು. ಬಸ್ಸು ಗುಂಡಿಗೆ ಇಳಿದು ಹತ್ತಿತು, ಕಂಬಿ ಬಿಟ್ಟ ಇವರ ಕೈಗಳು ತಮ್ಮ ತಮ್ಮ ಜಾಗಕ್ಕೆ ಹಾರಿದವು, ಒಂದು ಮುಂದೆ, ಒಂದು ಹಿಂದೆ, ಕೈಚೀಲದ ಒಳಗೆ ಸ್ಟ್ರಿಪ್ಪು ಕರಕರ ಎಂದಿತು, ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು, ಪಕ್ಕದಲ್ಲಿ ಗುಬ್ಬಿ ಅಪ್ಪನನ್ನೇ ನೋಡುತ್ತ, ಅಮ್ಮಾ, ಏನೇ, ಕೇಳ್ಲಾ, ಇಳಿದ ಮೇಲೆ ಕೇಳು, ನೋಡು ನೋಡು ಆ ಅಂಗಡೀಲಿ ಎಷ್ಟು ದೊಡ್ಡ ಬಲೂನು.

ಆಸ್ಪತ್ರೆ ಕಟ್ಟಿದವನಿಗೆ ಯಾವತ್ತೂ ಬೆನ್ನು ನೋವು ಬಂದಿರಲಿಕ್ಕಿಲ್ಲ, ಹೊಟ್ಟೆ ನೋವಂತೂ ಬಂದೇ ಇಲ್ಲ, ಬೆನ್ನಿನವರನ್ನು ಮೂರನೇ ಮಹಡಿಗೆ ಹತ್ತಿಸಿ ಹೊಟ್ಟೆಯವರನ್ನು ಕೆಳಗಿರಿಸಿ ಶೌಚಾಲಯವನ್ನು ಎರಡನೇ ಮಹಡಿಯಲ್ಲಿ ಕಟ್ಟಿದ್ದಾನೆ, ಇಬ್ಬರಿಗೂ ಅನ್ಯಾಯವಾಗಬಾರದು ಅಂತ ಇರಬೇಕು, ಬೋರ್ಡು ಇದ್ದದ್ದು ಎರಡನೇ ಮಹಡಿಯಲ್ಲೇ, ಅಷ್ಟರಮಟ್ಟಿಗೆ ಪುಣ್ಯ, ಶೌಚಾಲಯಕ್ಕೆ ಹೋದ ಇವರು ಬರುವವರೆಗೆ ಅವಳೂ ಗುಬ್ಬಿಯೂ ಫೈಲಿನ ಗುಮಾಸ್ತರ ಮೇಜಿನ ಎದುರು ಬೆಂಚಿನಲ್ಲಿ ಕೂತರು, ನಾಲ್ಕನೆಯದು, ಅಂತ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಟು. ಗುಮಾಸ್ತರು ಒಳ್ಳೆಯವರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು, ಹಣೇಲಿದೆ ಮಾಮ ಅಂದಳು ಗುಬ್ಬಿ, ಅಲ್ಲಿಗೆ ಸ್ನೇಹವಾಯಿತು, ಎಷ್ಟನೇ ಕ್ಲಾಸು ಮರೀ, ನಾಲ್ಕು, ಪರ್ಸೆಂಟ್ ಪಾಠ ಆಗಿದೆಯಾ, ಆಗಿದೆ, ಹಾಗಾದ್ರೆ ಹೇಳು ನೋಡೋಣ ಅಂತ ಅಮ್ಮನ ಕಡೆಯೂ ತಿರುಗಿ, ಈ ಸಲ ಬೆನ್ನಿಗೆ ನಲವತ್ತು, ಹೊಟ್ಟೆಗೆ ಇಪ್ಪತ್ತು ಕೊಟ್ರು ಅಂತ ಇಟ್ಕೊಳ್ಳಿ ತಾಯಿ, ಒಟ್ಟು ಎಷ್ಟು, ಅರವತ್ತು ಅಂದಳು ಗುಬ್ಬಿ, ಶಾಲೇಲಿ ಅರವತ್ತು, ಇಲ್ಲಿ ಐವತ್ತೆರಡು, ಅಂತ ಗುಮಾಸ್ತರು ಜಾದೂಗಾರನ ಹಾಗೆ ನಕ್ಕು ಒಂದು ರದ್ದಿ ಕಾಗದ ಎತ್ತಿಕೊಂಡರು, ಇದು ನಿಮ್ಮಪ್ಪ, ಪೂರ್ತಿ ಅಪ್ಪ, ನೂರು, ಕಾಗದವನ್ನು ಪಟ್ಟಿಯಿಟ್ಟು ಅಳೆದು ಹರಿದರು, ಈ ನಲವತ್ತನ್ನ ಬೆನ್ನು ತಿಂತು, ಉಳಿದದ್ದು ಅರವತ್ತು, ಹೊಟ್ಟೆ ತಿನ್ನೋಕೆ ಬಂದಾಗ ತಟ್ಟೇಲಿರೋದು ಇಷ್ಟೇ, ಅದಕ್ಕೆ ಈ ಅರವತ್ತರಲ್ಲಿ ಇಪ್ಪತ್ತು ಪರ್ಸೆಂಟ್, ಅಂದರೆ ಹನ್ನೆರಡು, ಪರ್ರ್ ಅಂತ ಇನ್ನೊಂದು ಚೂರು, ನಲವತ್ತು ಹನ್ನೆರಡು ಐವತ್ತೆರಡು, ದುಂಡಗೆ ಮಾಡಿದ್ರೆ ಐವತ್ತು. ಎರಡು ಎಲ್ಲಿ ಹೋಯ್ತು ಮಾಮ, ದುಂಡಗೆ ಮಾಡೋವಾಗ ಉದುರತ್ತೆ ಮರೀ. ಅಮ್ಮನಿಗೆ ಉಳಿದದ್ದೊಂದೂ ಕೇಳಿಸಲಿಲ್ಲ, ಐವತ್ತು, ನಲವತ್ತೂ ಇಪ್ಪತ್ತೂ ಬಂದರೆ ಐವತ್ತು, ನಲವತ್ತು ಬರಬೇಕಾದರೆ ಇವರು ಬಗ್ಗಬಾರದು, ಇಪ್ಪತ್ತು ಬರಬೇಕಾದರೆ ಬಾಯಿಬಿಡಬೇಕು, ಇದು ಏನು ಮಾಮ ಅಂತ ಗುಬ್ಬಿ ಮೇಜಿನ ಮೇಲೆ ಉಳಿದಿದ್ದ ಕಾಗದದ ತುಂಡನ್ನು ತೋರಿಸುತ್ತಿದ್ದಳು, ಅದಾ, ಅದು ಉಳಿದ ನಲವತ್ತೆಂಟು, ಗಟ್ಟಿಮುಟ್ಟಾದ ಅಪ್ಪ, ನೀನೇ ಇಟ್ಕೋ, ಗುಬ್ಬಿ ತಗೊಂಡಳು, ಮಡಚಲಿಲ್ಲ, ಎರಡೂ ಅಂಗೈ ಮೇಲೆ ಇಟ್ಟುಕೊಂಡು ಕೂತಳು, ಮಳೆಗಾಲದಲ್ಲಿ ಗೂಡಿನಿಂದ ಬಿದ್ದ ಮರಿಯನ್ನು ಹಿಡಿದುಕೊಂಡ ಹಾಗೆ, ತುಟಿ ಮತ್ತೆ ಅಲುಗಿತು, ಅಷ್ಟರಲ್ಲಿ ಕರೆದರು.

ಮೂರು ಕುರ್ಚಿ, ಎಡಕ್ಕೆ ಬೆನ್ನಿನ ಡಾಕ್ಟರು, ಬಲಕ್ಕೆ ಹೊಟ್ಟೆಯ ಡಾಕ್ಟರು, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಅವಳು ಕಾಣುತ್ತಿರುವುದು ಇದೇ ಮೊದಲು, ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಕೊನೆಗೂ ಎದುರುಬದುರಾದ ಹಾಗೆ, ನಡುವೆ ದೊಡ್ಡ ಡಾಕ್ಟರು, ಬಿಳಿ ಕೋಟಿನ ಜೇಬಿನ ಮೇಲೆ ಸೈನ್ಯದ ಬಿಲ್ಲೆ, ಅಯ್ಯೋ, ಬಿಲ್ಲೆ, ಬಿಲ್ಲೆ ಕಂಡದ್ದೇ ಇವರ ಹಿಮ್ಮಡಿಗಳು ಟಪ್ ಎಂದು ಸೇರಿದವು, ಗಲ್ಲ ಮೇಲೆ, ಎದೆ ಮುಂದೆ, ಬೆಳಗಿನಿಂದ ಬಾಗಿದ್ದ ಮನುಷ್ಯ ಕೊಡೆಯ ಹಾಗೆ ಬಿಚ್ಚಿಕೊಂಡುಬಿಟ್ಟರು, ಒಂದು ಬಿಲ್ಲೆ ಮಾಡುವ ಕೆಲಸವನ್ನು ಎರಡು ಮಾತ್ರೆ ಮಾಡಲಾರದು ಅಂತ ಅವಳಿಗೆ ಮೊದಲೇ ಗೊತ್ತಿದ್ದರೆ ಅಷ್ಟು ಬೇಳೆ ಅಗೆಯುವ ಕಷ್ಟವೇ ಇರಲಿಲ್ಲ, ಹೇಗಿದ್ದೀರಿ, ದೊಡ್ಡ ಡಾಕ್ಟರು, ಚೆನ್ನಾಗಿದ್ದೀನಿ ಸಾರ್, ಮುಗಿಯಿತು, ಒಂದು ವರ್ಷದ ಗೀಟು ನೀರಿನಲ್ಲಿ ಹೋಮ. ಸಾರ್ ಇದೊಂದು ನೋಡಿ ಅಂತ ಅವಳು ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟಳು, ಮುಂದಿನಿಂದ ಹೊಟ್ಟೆ ಸಾರ್, ಹಿಂದಿನಿಂದ ಬೆನ್ನು, ಬಲಗಡೆಯವರು ಮುಂದಿನಿಂದ ತಿರುವಿದರು, ಎಡಗಡೆಯವರು ಹಿಂದಿನಿಂದ ತಿರುವಿದರು, ಎರಡು ಬೆರಳು ನಡುವಿನ ಪುಟದಲ್ಲಿ ಡಿಕ್ಕಿ ಹೊಡೆದವು, ಕ್ಷಮಿಸಿ, ಪರವಾಗಿಲ್ಲ, ಇದು ನಿಮ್ಮ ಪುಟ ಅನ್ಸುತ್ತೆ, ಇಲ್ಲ ಇಲ್ಲ ನಿಮ್ಮದೇ, ಪುಟವನ್ನು ಬಿಟ್ಟು ಇಬ್ಬರೂ ಹಿಂದಕ್ಕೆ ಒರಗಿದರು. ಕಾಲ್ಬೆರಳು ಮುಟ್ಟಿ ನೋಡೋಣ ಅಂದರು ಬೆನ್ನಿನವರು, ಇವರು ಅವಳನ್ನು ಒಂದು ಸಲ ನೋಡಿದರು, ಒಂದೇ ಒಂದು ಸಲ, ಇವರಿಗೆ ಗೊತ್ತಿದೆಯೇ, ಬೇಳೆ ಡಬ್ಬ ಇವರಿಗೆ ಗೊತ್ತಿದೆಯೇ, ಅಡುಗೆಯವರು ಅಲ್ಲವೇ, ಬೇಳೆಯ ಮಟ್ಟ ಒಂದು ಬೆರಳು ಏರಿದರೂ ಕಾಣದೆ ಇರುತ್ತದೆಯೇ, ಗೊತ್ತಿದ್ದೂ ಕತ್ತರಿ ಕೇಳಿದರೇ, ಗೊತ್ತಿದ್ದೂ ಮೀಸೆ ಕತ್ತರಿಸಿಕೊಂಡರೇ — ಬಗ್ಗಿದರು.

ತೊಡೆ ದಾಟಿತು ಕೈ, ಮಂಡಿಯ ಹತ್ತಿರ ಹೋಯಿತು, ಮಂಡಿಯ ಹತ್ತಿರ ನಿಂತಿತು, ಕೆಳಗೂ ಇಲ್ಲ ಮೇಲೂ ಇಲ್ಲ, ಬಾಗಿಲಿನ ಹಿಡಿಕೆ ಅರ್ಧಕ್ಕೆ ತಿರುಗಿ ಸಿಕ್ಕಿಕೊಂಡ ಹಾಗೆ, ಸಾಕು ಏಳಿ, ಹೂಂ ಸಾರ್, ಏಳಿ ಅಂದೆ, ಏಳ್ತಿದೀನಿ ಸಾರ್, ಯಾರೂ ಏಳುತ್ತಿರಲಿಲ್ಲ, ಒಂದು ಕೈ ಹೊಟ್ಟೆಗೆ ಹೋಯಿತು, ಒಂದು ಕೈ ಬೆನ್ನಿಗೆ ಹೋಯಿತು, ಬೋರಲಾದ ಕೊಪ್ಪರಿಗೆಯ ಒಳಗಿಂದ ಬಂದ ಹಾಗೆ ನೆಲದ ಕಡೆಯಿಂದ ದನಿ ಬಂತು, ಚೆನ್ನಾಗಿದ್ದೀನಿ ಸಾರ್, ಅವಳ ಕೈ ಚೀಲದೊಳಗೆ ಸ್ಟ್ರಿಪ್ಪನ್ನು ಹಿಡಿದಿತ್ತು, ನಾನೇ ಮಾಡಿದ್ದು, ಇದು ನಾನೇ ಮಾಡಿದ್ದು, ಇಷ್ಟು ನೋಯಲಿ ಅಂತ ಅಲ್ಲ, ಸ್ವಲ್ಪ, ಒಂದು ಅಂಕಿಗೆ ಬೇಕಾಗುವಷ್ಟು, ಅಂಕಿಗೆ ಎಷ್ಟು ನೋವು ಬೇಕಾಗುತ್ತದೆ ಅಂತ ಯಾರು ಅಳೆದು ಕೊಡುತ್ತಾರೆ. ಬೆನ್ನಿನವರು ಬಗ್ಗಿ ನೋಡಿದರು, ಹೊಟ್ಟೆ ಹಿಡ್ಕೊಂಡಿದ್ದಾರಲ್ಲ ಸಾರ್, ಈ ನೋವು ಹೊಟ್ಟೆಯದ್ದು, ನಿಮ್ಮ ಕಡೆ ಬರ್ಕೊಳ್ಳಿ, ಹೊಟ್ಟೆಯವರು ಹಿಂದಿನಿಂದ ನೋಡಿದರು, ಬೆನ್ನೂ ಹಿಡ್ಕೊಂಡಿದ್ದಾರೆ ಸಾರ್, ಹೊಟ್ಟೆ ಮಡಚಿದ್ದು ಬೆನ್ನಿಂದ, ನಿಮ್ಮದೇ, ಇಲ್ಲ ಇಲ್ಲ ತಾವೇ ಬರ್ಕೊಳ್ಳಿ, ಛೇ ತಾವೇ, ಬಾಗಿಲಲ್ಲಿ ನಿಂತು ನೀವು ಮೊದಲು ನೀವು ಮೊದಲು ಎನ್ನುವ ಬೀಗರ ಹಾಗೆ, ಎರಡೂ ಕಡೆ ಬರೆಯುವ ಹಾಗಿಲ್ಲ ಡಾಕ್ಟರೇ ಅಂದರು ದೊಡ್ಡವರು, ಒಂದೇ ನೋವು ಒಂದೇ ಸಲ, ಎರಡು ಪೆನ್ನು ಗಾಳಿಯಲ್ಲಿ ನಿಂತವು, ಎರಡು ಖಾನೆ ಖಾಲಿ, ನೋವು ನಡುವೆ ನೆಲ ನೋಡುತ್ತಾ ನಿಂತಿದೆ, ಸರಿ, ಹೋದ ವರ್ಷದ್ದನ್ನೇ ಮುಂದುವರಿಸೋಣ, ಅದೇ ಇಪ್ಪತ್ತು, ಅದೇ ಹತ್ತು, ದುಂಡಗೆ ಮೂವತ್ತು, ಮನುಷ್ಯ ಉಳಿದಂತೆ ಚೆನ್ನಾಗೇ ಇದ್ದಾರಲ್ಲ ಅಂತ ದೊಡ್ಡವರು ಪೆನ್ನಿನ ಮುಚ್ಚಳ ತೆಗೆದರು, ಮೂವತ್ತು, ಮತ್ತೆ ಮೂರನೇ ಮಹಡಿ, ಮತ್ತೆ ನೆಲಮಹಡಿ, ಮತ್ತೆ ಹೊಸ ನೋಟ್‌ಬುಕ್ಕು, ಕೊಟ್ಟುಬಿಡುತ್ತೇನೆ ಮಾತ್ರೆ, ಎಲ್ಲರ ಮುಂದೆಯೇ ಕೊಟ್ಟುಬಿಡುತ್ತೇನೆ, ಚೀಲದಿಂದ ಕೈ ಹೊರಬಂತು, ಅಷ್ಟರಲ್ಲಿ ಪಕ್ಕದಲ್ಲಿ, ಅಮ್ಮಾ.

ಬಂತು, ಬೇಳೆ ಡಬ್ಬದ ಮಾತು ಬಂತು, ಇಲ್ಲಿಯೇ, ಇವರೆಲ್ಲರ ಮುಂದೆಯೇ, ಬೇಡ ಗುಬ್ಬಿ ಅಂತ ಅವಳು ಅನ್ನಬೇಕೆಂದುಕೊಂಡಳು, ಅನ್ನಲಿಲ್ಲ, ಕೇಳಲಿ, ಕೇಳಿಬಿಡಲಿ, ಆದರೆ ಗುಬ್ಬಿ ಅಮ್ಮನ ಕಡೆ ನೋಡಲೇ ಇಲ್ಲ, ಕೈಯಲ್ಲಿದ್ದ ಕಾಗದದ ತುಂಡನ್ನು ದೊಡ್ಡ ಡಾಕ್ಟರ ಮುಂದೆ, ತೆರೆದ ಪೆನ್ನಿನ ಕೆಳಗೆ, ಸರಿಯಾಗಿ ನಡುವೆ ಇಟ್ಟಳು, ಆಮೇಲೆ ಅಲ್ಲಿಂದ ಬಂದು ಅಪ್ಪನ ಮುಂದೆ ನೆಲದ ಮೇಲೆ ಕೂತಳು, ಮುಖ ಮೇಲೆತ್ತಿದಳು, ನೆಲ ನೋಡುತ್ತಿದ್ದ ಆ ಮುಖಕ್ಕೆ ಈಗ ನೋಡಲು ಅವಳೊಬ್ಬಳೇ, ಅಪ್ಪಾ, ಅಂದಳು, ಶಾಲೆಯಲ್ಲಿ ಪಾಠ ಓದುವಷ್ಟೇ ಜೋರಾಗಿ, ಉಳಿದ ಅಪ್ಪನಿಗೆ ನೋವಾಗಲ್ವಾ? ಚೆ — ಎಂದು ಶುರುವಾಯಿತು ಇವರ ಬಾಯಿ, ಅಭ್ಯಾಸಬಲ, ಚೆ — ಎಂದದ್ದು ಅಲ್ಲೇ ನಿಂತಿತು, ಮುಂದಿನ ಮಾತು ಹೋಗಿ ಕೂರುವುದಕ್ಕೆ ಅಲ್ಲಿ ಸಾರ್ ಇಲ್ಲ, ಅಲ್ಲಿ ಗುಬ್ಬಿ ಇದ್ದಾಳೆ, ಒಂದೇ ಜಡೆ, ತೆರೆದ ಬಾಯಿ, ಕಾಯುತ್ತಿದ್ದಾಳೆ, ಅಮ್ಮ ಕೂಡ ಕಾಯುತ್ತಿದ್ದಾಳೆ, ಬೆಳಗಿನಿಂದ ಓಡಿದ ತಲೆ ಓಡುವುದಿಲ್ಲ, ಮುಂದೇನೂ ಹೊಳೆಯುವುದಿಲ್ಲ, ಒಂದು ಕೈ ಮುಂದೆ, ಒಂದು ಕೈ ಹಿಂದೆ, ಒಂದು ಕೈ ಮುಂದೆ, ಒಂದು ಕೈ ಹಿಂದೆ